ಹಿತ್ತಲ ಗಲ್ಲಿಯ ಮುಖ

"ಥೂ, ಅಲ್ಲೇ ನಿಲ್ಲೇ! ಜಗಲಿ ಹತ್ತಬೇಡ. ಯಾರೇ ನೀನು?"

ನನ್ನ ಅವ್ವನ ಕಾಲದಿಂದ ಆ ಮನೆಯ ಕಕ್ಕಸು ಬಳಿದವರು ನಾವು. ಆದರೂ ವಕೀಲ ನಂಜುಂಡಯ್ಯನವರು ಹಾಗೆ ಕೇಳಿದ್ದರಲ್ಲಿ ಮೋಸವಿರಲಿಲ್ಲ. ನಾವು ಬರುತ್ತಿದ್ದದ್ದು ಹಿತ್ತಲ ಗಲ್ಲಿಯಲ್ಲಿ. ಬಂದವರು ಡಬ್ಬ ಬಡಿಯಬೇಕು, ಸದ್ದಿಗೆ ಮನೆಯವರು ಒಳಸೇರಿ ಬಾಗಿಲು ಹಾಕಿಕೊಳ್ಳಬೇಕು. ಬೆಳಿಗ್ಗೆ ನಮ್ಮ ಮುಖ ಕಂಡರೆ ಅವರ ದಿನ ಕೆಡುತ್ತಿತ್ತಂತೆ. ಅದು ಕೆಡದ ಹಾಗೆ ಜೋಪಾನ ಮಾಡಿದವರೂ ನಾವೇ.

"ನಾನು ಬೀರಮ್ಮ ಬುದ್ಧಿ, ನಿಮ್ ಇತ್ಲು ಕಡೆಯೋಳು. ನನ್ ಮಗಳು ಚಾಮುಂಡೇಶ್ವರಿ ಇಂಟರ್ ಪಾಸಾಗವ್ಳೆ. ಡಾಕ್ಟ್ರು ಓದ್ತಾಳಂತೆ. ಖಾಸಗಿ ಕಾಲೇಜ್ನೋರು ಈ ರಾಜ್ಯದೋರ್ಗೇ ಮೊದ್ಲು ಸೀಟು ಅಂತವ್ರೆ. ನಾವು ಇಲ್ಲಿಯೋರು ಅಂತ ಒಂದ್ ರುಜು ಆಕ್ಬುಡಿ. ನಾಳೆಗೆ ಅರ್ಜಿ ಕಡೆ."

ಸ್ವಂತ ಮನೆಯಿಲ್ಲದವರಿಗೆ ಗಣ್ಯರೊಬ್ಬರ ರುಜು ಬೇಕೆಂದು ಕಾಲೇಜಿನ ಕಚೇರಿಯಲ್ಲಿ ಹೇಳಿದ್ದರು. ನಮ್ಮ ಗುಡಿಸಲು ಇದ್ದದ್ದು ಮುನಿಸಿಪಾಲಿಟಿ ಜಾಗದಲ್ಲಿ. ಅಂದರೆ ನಾವು ಎಲ್ಲಿಯೂ ಇರಲಿಲ್ಲ. ಹಿಂದಿನ ವರ್ಷವಷ್ಟೇ ಕನ್ನಡನಾಡು ಒಂದಾಗಿ ರಾಜ್ಯ ಬೀದರಿನವರೆಗೆ ಬೆಳೆದಿತ್ತು. ನಮ್ಮ ಕೇರಿಯವರೆಗೆ ಬರಲು ಪುರಸೊತ್ತಾಗಿರಲಿಲ್ಲ.

ವಕೀಲರು ನಕ್ಕರು.

"ನೋಡಮ್ಮ, ನಾನು ಕಣ್ಣಾರೆ ಕಂಡಿದ್ದಕ್ಕೆ ಮಾತ್ರ ರುಜು ಹಾಕೋನು. ನಿನ್ನ ಮುಖ ಇವತ್ತೇ ನೋಡ್ತಿರೋದು. ಸುಳ್ಳು ಹೇಳು ಅಂತೀಯಾ?"

ಪಕ್ಕದಲ್ಲಿ ಅವರ ತಂಗಿಯ ಮಗ ಕೂತಿದ್ದ. ಮದರಾಸಿನಲ್ಲೇ ಹುಟ್ಟಿ ಬೆಳೆದವನು, ಹಿಂದಿನ ವಾರ ಬಂದಿಳಿದಿದ್ದ. ಮನೆಗೊಬ್ಬರು ಹೆಚ್ಚಾದದ್ದು ನನಗೆ ಡಬ್ಬದ ಭಾರದಿಂದಲೇ ಗೊತ್ತಾಗಿತ್ತು.

"ಮಾಮ, ನನ್ನ ಕಾಗದ?"

"ಆಯ್ತು ಕಣೋ. ಕಾಲೇಜಿನಲ್ಲಿ ಕೇಳಿದ್ರೆ ಚಿಕ್ಕಂದಿನಿಂದ ಮೈಸೂರೇ ಅನ್ನು." ನನ್ನೆದುರೇ ರುಜು ಹಾಕಿ, ಶಾಯಿ ಆರಲೆಂದು ಊದಿದರು.

"ಬುದ್ಧಿ, ಈ ಸ್ವಾಮೇರ್ನ ಯಾವಾಗಿಂದ ಕಣ್ಣಾರೆ ಕಂಡಿದ್ದೀರಿ?"

"ಹಲ್ಕಾ ಮುಂಡೆ! ನಡಿ ಆಚೆ. ಹಿಂದ್ಗಡೆಯಿಂದ ಹೋಗು!"

ಗುಡಿಸಲಿಗೆ ಬಂದು ನಡೆದದ್ದು ಹೇಳಿದೆ, ಮಗಳು ಎಲ್ಲ ಕೇಳಿಸಿಕೊಂಡಳು. "ಅವ್ರು ನೋಡಿಲ್ಲ ಅಂದ್ಮೇಲೆ ತೋರಿಸ್ಬೇಕು ಕಣವ್ವ," ಎಂದಳು.

ಮರುದಿನ ಬೆಳಿಗ್ಗೆ ಅವರ ಹಿತ್ತಲಲ್ಲಿ ಡಬ್ಬ ತುಂಬಿಕೊಂಡೆ. ತಲೆ ಮೇಲೆ ಹೊತ್ತು, ಗಲ್ಲಿ ಸುತ್ತಿ, ಮುಂದಿನ ಬೀದಿಗೆ ಬಂದೆ. ರಂಗೋಲಿ ಇಡುತ್ತಿದ್ದ ಹೆಂಗಸರು ಬಟ್ಟಲು ಬಿಟ್ಟು ಓಡಿದರು. ಜಗಲಿ ಹತ್ತಿ, ಕಾಫಿ ಕುಡಿಯುತ್ತಿದ್ದ ವಕೀಲರ ಮುಂದೆ ಡಬ್ಬ ಇಳಿಸಿದೆ. ಮೂಗಿಗೆ ಸುತ್ತಿದ್ದ ಸೆರಗು ಬಿಚ್ಚಿದೆ.

"ನೋಡ್ಕಳಿ ಬುದ್ಧಿ, ಇದು ನನ್ ಮುಖ. ಇದು ನಿಮ್ ಮನೇದು. ಮದ್ರಾಸ್ ಸ್ವಾಮೇರ್ದೂ ಸೇರೈತೆ."

"ಸೂಳೆಮುಂಡೆ, ಎತ್ತೇ ಅದನ್ನ!"

"ನಾನೆಂಗೆ ಎತ್ಲಿ? ನಾನು ಈ ಊರೋಳೇ ಅಲ್ವಲ್ಲ. ಊರ್ ಕೆಲ್ಸ ಊರೋರ್ಗೇ ಮೊದ್ಲು. ನಿಮ್ಮಳಿಯಂಗೆ ಕಾಗ್ದ ಐತೆ, ಅವ್ರೇ ಎತ್ಲಿ."

ಅಳಿಯ ಮೂಗು ಮುಚ್ಚಿಕೊಂಡು ಒಳಗೋಡಿದ. ಬೀದಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ನಾನು ಡಬ್ಬದ ಪಕ್ಕ ಜಗಲಿಯ ಮೇಲೆ ಕೂತೆ.

ಗೇಟಿನ ಹತ್ತಿರ ಮಗಳು ಅರ್ಜಿ ಹಿಡಿದು ನಿಂತಿದ್ದಳು. ನಿಧಾನವಾಗಿ ಪೆನ್ನಿನ ಮುಚ್ಚಳ ತೆಗೆದು ವಕೀಲರತ್ತ ಚಾಚಿದಳು.