ಕಸದ ಲಾರಿಯ ಕರಡಿ

ಮಂಗಳವಾರ ಇಂಗ್ಲೆಂಡಿನ ಬರ್ನ್ಲಿ ಊರಿನ ಆ ಬೀದಿಗೆ ಕಸದ ಲಾರಿ ಬರುವ ದಿನ. ಪುಟ್ಟ ಡೆರಿಕ್ ಇದ್ದಾಗ ಅವತ್ತು ಅವನಿಗೆ ತಿಂಡಿ ಸೇರುತ್ತಿರಲಿಲ್ಲ. ಬಟ್ಟೆಯ ಕರಡಿಯನ್ನು ಕಂಕುಳಲ್ಲಿ ಅವುಚಿಕೊಂಡು ಹಿತ್ತಲ ಗೇಟಿಗೆ ಜೋತುಬೀಳುತ್ತಿದ್ದ. ದೊಡ್ಡವನಾದ ಮೇಲೆ ಅದೇ ಲಾರಿಯ ಮುಂದೆ ಕೂತು ಊರು ಸುತ್ತುತ್ತೇನೆಂದು ಹಟ. ಮಗ ಕಸ ಹೊರಲಿ ಎಂದು ಯಾವ ತಾಯಿ ಹರಕೆ ಹೊರುತ್ತಾಳೆ? ಅವನ ತಾಯಿ ನೋರಾ ನಕ್ಕುಬಿಡುತ್ತಿದ್ದಳು. ಎರಡನೇ ಮಹಾಯುದ್ಧ ಮುಗಿದ ಮೇಲಿನ ಆ ಕೆಟ್ಟ ಚಳಿಗಾಲದಲ್ಲಿ ನ್ಯುಮೋನಿಯಾ ಮಗುವನ್ನು ಕೊಂಡೊಯ್ದಿತು.

ಹೆಂಡತಿ ಹಗಲಿಡೀ ಕರಡಿಯನ್ನು ಮಡಿಲಲ್ಲಿಟ್ಟುಕೊಂಡು ಕೂರುವುದನ್ನು ನೋಡಲಾರದೆ ಕ್ಲೆಮ್ ಅದನ್ನು ಒಲೆಯ ಬೂದಿಯ ಜೊತೆ ಕಸದ ಡಬ್ಬಿಗೆ ಹಾಕಿಬಿಟ್ಟ. ಕಣ್ಣಿಗೆ ಬೀಳದಿದ್ದರೆ ದುಃಖ ಕಡಿಮೆಯಾದೀತೆಂದು ಅವನ ಎಣಿಕೆ. ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ ಎನ್ನುತ್ತಾರೆ. ಗಂಡಸರದು ಎಲ್ಲಿರುತ್ತದೋ ಯಾರೂ ಹೇಳಿಲ್ಲ. ಆ ಮಂಗಳವಾರ ಲಾರಿ ಡಬ್ಬಿ ಖಾಲಿ ಮಾಡಿಕೊಂಡು ಹೋಯಿತು; ನೋರಾ ಅವನೊಡನೆ ಮಾತು ಬಿಟ್ಟಳು.

ಮುಂದಿನ ಮಂಗಳವಾರ ಲಾರಿ ತಿರುವಿನಲ್ಲಿ ಕಾಣಿಸಿಕೊಂಡಾಗ ಅದರ ಮೂತಿಗೆ ಹಗ್ಗದಿಂದ ಬಿಗಿದ ಕರಡಿ ಇತ್ತು. ಕಸದಲ್ಲಿ ಸಿಕ್ಕ ಗೊಂಬೆಗಳನ್ನು ಹಾಗೆ ಮುಂದೆ ಕಟ್ಟಿಕೊಳ್ಳುವುದು ಆ ಕೆಲಸದವರ ರೂಢಿ. ನೋರಾ ಏಪ್ರನ್ನಿನಲ್ಲೇ ಬೀದಿಗೆ ಓಡಿ ಲಾರಿಗೆ ಅಡ್ಡ ನಿಂತಳು.

"ಅದು ನನ್ನ ಮಗಂದು."

ಡಬ್ಬಿ ಹೊರುವ ಮುದುಕ ಈನಕ್ ಟೋಪಿ ತೆಗೆದ. ಆ ಮನೆಯ ಸಾವು ಅವನಿಗೂ ಗೊತ್ತಿತ್ತು. ಹಗ್ಗ ಬಿಚ್ಚಿದ.

"ತಪ್ಪು ತಿಳೀಬೇಡಿ ತಾಯಿ. ಬೂದೀಲಿ ಬಿದ್ದಿದ್ದ, ಬಿಟ್ಟು ಹೋಗೋಕೆ ಮನಸ್ಸಾಗ್ಲಿಲ್ಲ. ವಾರವೆಲ್ಲ ನಮ್ಮ ಜೊತೆ ಊರು ಸುತ್ತಿದ್ದಾನೆ. ದಾರೀಲಿ ಮಕ್ಕಳೆಲ್ಲ ಇವನಿಗೇ ಕೈ ಬೀಸ್ತವೆ, ನಮ್ಮನ್ಯಾರು ಕೇಳ್ತಾರೆ?"

ಕರಡಿಯನ್ನು ಎದೆಗೊತ್ತಿಕೊಂಡು ಮನೆಗೆ ಬಂದ ನೋರಾಳ ಮನಸ್ಸನ್ನು ಆ ಮಾತು ಬಿಟ್ಟು ಹೋಗಲಿಲ್ಲ. ಮಗ ಆಸೆಪಟ್ಟ ಸವಾರಿ ಅವನ ಕರಡಿಗಾದರೂ ಸಿಕ್ಕಿತ್ತು. ಅದನ್ನು ತಂದು ಮತ್ತೆ ಮಡಿಲಲ್ಲಿ ಕೂರಿಸಿದರೆ ಆ ಸವಾರಿಯೂ ತಪ್ಪುತ್ತದಲ್ಲ?

ಅವಳು ಕರಡಿಯನ್ನು ತೊಳೆದಳು, ಹರಿದ ಕಿವಿ ಹೊಲಿದಳು. ಆಮೇಲೆ ಯಾರಿಗೂ ಮುಟ್ಟಗೊಡದೆ ಇಟ್ಟಿದ್ದ ಡೆರಿಕ್‌ನ ನೀಲಿ ಸ್ವೆಟರ್ ಹೊರತೆಗೆದು, ಕರಡಿಯ ಅಳತೆಗೆ ಹೆಣೆಯಲೆಂದು ಅದರ ಎಳೆ ಬಿಚ್ಚತೊಡಗಿದಳು. ಹೊಸ ಉಲ್ಲನ್ ಪಡಿತರ ಕೂಪನ್ನಿಲ್ಲದೆ ಸಿಗುವ ಕಾಲವಲ್ಲ. ಎಳೆ ಗಂಟು ಬಿದ್ದಾಗ ಕ್ಲೆಮ್ ಎದುರಿಗೆ ಬಂದು ಕೂತು ಎರಡೂ ಕೈ ಚಾಚಿದ. ಅವನ ಕೈಗೆ ನೂಲು ಸುತ್ತುತ್ತ ನೋರಾ ಅತ್ತಳು, ಅವನೂ ಅತ್ತ.

"ಬಿಗಿಯಾಗಿ ಹಿಡ್ಕೊಳ್ರಿ," ಎಂದಳು. ಎಷ್ಟೋ ದಿನಗಳ ಮೇಲೆ ಅವನೊಡನೆ ಆಡಿದ ಮಾತು ಅದು.

ಮಂಗಳವಾರ ನೀಲಿ ಸ್ವೆಟರ್ ತೊಟ್ಟ ಕರಡಿಯನ್ನು ಅವಳೇ ಲಾರಿಯ ಬಳಿಗೆ ಒಯ್ದಳು. ಈನಕ್ ನಂಬಲಾರದೆ ನೋಡಿದ.

"ಮುಂದೇನೇ ಕಟ್ಟಿ," ಎಂದಳು ನೋರಾ. "ಹಗ್ಗ ಮಾತ್ರ ಹೊಟ್ಟೆಗೆ ಒತ್ತದ ಹಾಗೆ."

ಲಾರಿ ಹೊರಟಿತು. ಗಂಡ ಹೆಂಡತಿ ಗೇಟಿನಲ್ಲಿ ನಿಂತು, ಅದು ತಿರುವು ದಾಟುವವರೆಗೂ ಕೈ ಬೀಸಿದರು.