ಕಾಲಿಗೆ ಬುದ್ಧಿ ಹೇಳಿದ ಮೆಷಿನ್ನು

ಬಟ್ಟೆ ಒಗೆಯುವ ಮೆಷಿನ್ನು ನಡೆಯುತ್ತದೆ ಎಂದರೆ ನೀವು ನಂಬುವುದಿಲ್ಲ. ಬೇಡ ಬಿಡಿ. ಅದನ್ನು ತಯಾರಿಸುತ್ತಿದ್ದ ಕಂಪನಿಯ ದೊಡ್ಡವರೂ ನಂಬುತ್ತಿರಲಿಲ್ಲ. ಚೆನ್ನಾಗಿ ಗೊತ್ತಿದ್ದವಳು ಒಬ್ಬಳೇ, ಸ್ಪ್ಯಾನರ್ ಮೇಡಂ. ಆ ಮೆಷಿನ್ನಿನ ಪ್ರಾಡಕ್ಟ್ ಮ್ಯಾನೇಜರ್ ಅವಳು. ಅದು ಹೇಗಿರಬೇಕು, ಏನೇನು ಮಾಡಬೇಕು, ಯಾವ ಮಾತು ಹೇಳಿ ಅದನ್ನು ಮಾರಬೇಕು ಎಂಬುದೆಲ್ಲ ಅವಳ ತಲೆಗೆ ಕಟ್ಟಿದ್ದ ಕೆಲಸ.

ಮೊದಲ ಮಾದರಿ ಹೊರಬಂದಾಗ ಅದು ಬಟ್ಟೆ ಒಗೆಯುತ್ತಿತ್ತು, ಅಷ್ಟೆ. ಆಮೇಲೆ ಮಾರಾಟದವರು ಕೇಳಿದರೆಂದು ಬಿಸಿನೀರು ಬಂತು. ಎದುರಾಳಿ ಕಂಪನಿಯವರು ಕೊಟ್ಟರೆಂದು ಒಣಗಿಸುವ ಭಾಗ ಒಳಗೆ ಸೇರಿತು. ಹಬೆ ಬಂತು, ದೀಪ ಬಂತು. ಕೊನೆಗೆ ಕಂಪನಿಯ ಯಜಮಾನರಿಗೇ ಆಸೆಯಾಗಿ, ಒಗೆಯುವುದು ಮುಗಿಯುತ್ತಿದ್ದಂತೆ ಹಾಡುವ ಪೆಟ್ಟಿಗೆಯೂ ಬಂತು. ಮೈ ಬೆಳೆಯಿತು, ಕಾಲು ಬೆಳೆಯಲಿಲ್ಲ. ಅದೇ ಹಳೆಯ ನಾಲ್ಕು ರಬ್ಬರ್ ಕಾಲು. ಕೊನೆಗೆ ಡ್ರಮ್ಮು ಗಿರಗಿರ ತಿರುಗಿ ನೀರು ಹಿಂಡುವಾಗ ಕಾಲಿನ ನಟ್ಟು ಸಡಿಲವಾಗಿದ್ದರೆ ಮೆಷಿನ್ನು ಹೊರಟೇಬಿಡುತ್ತಿತ್ತು. ವೈರು ಎಲ್ಲಿಯವರೆಗೆ ಬಿಡುತ್ತದೋ ಅಲ್ಲಿಯವರೆಗೆ ಅದರ ಸಂಚಾರ.

ಒಬ್ಬ ಹಲ್ಲಿನ ಡಾಕ್ಟರ ಮನೆಯಲ್ಲಿ ಅದು ಬಚ್ಚಲಿನಿಂದ ಹೊರಟು ಊಟದ ಮೇಜಿನವರೆಗೆ ಬಂದು, ನೆಂಟರ ನಡುವೆ ಖಾಲಿ ಇದ್ದ ಜಾಗ ನೋಡಿಕೊಂಡು ನಿಂತಿತ್ತು. ನಿವೃತ್ತ ನ್ಯಾಯಾಧೀಶರೊಬ್ಬರ ಮನೆಯಲ್ಲಿ ಬಚ್ಚಲ ಬಾಗಿಲಿಗೆ ಅಡ್ಡ ನಿಂತು, ಒಳಗಿದ್ದವರನ್ನು ಮಧ್ಯಾಹ್ನದವರೆಗೆ ವಿಚಾರಣೆಯಿಲ್ಲದೆ ಬಂಧನದಲ್ಲಿ ಇಟ್ಟಿತ್ತು. ಇಂಥ ದೂರು ಬಂದಾಗೆಲ್ಲ ಸ್ಪ್ಯಾನರ್ ಮೇಡಂ ತಾನೇ ಓಡುತ್ತಿದ್ದಳು. ನಟ್ಟು ಬಿಗಿದು, ಕ್ಷಮೆ ಕೇಳಿ, ಕೊಟ್ಟ ಕಾಫಿ ಕುಡಿದು ಬರುತ್ತಿದ್ದಳು. ದೂರು ಅಲ್ಲಿಗೇ ಮುಗಿಯುತ್ತಿತ್ತು; ಮೇಲಿನ ಮಹಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ.

ಆ ಮಹಡಿಯಲ್ಲಿ ಒಂದು ಕುರ್ಚಿ ಖಾಲಿ ಇತ್ತು. ಕಂಪನಿ ಮುಂದೆ ಏನು ತಯಾರಿಸಬೇಕು, ಅದಕ್ಕಿಂತ ಹೆಚ್ಚಾಗಿ ಏನು ತಯಾರಿಸಬಾರದು ಎಂದು ತೀರ್ಮಾನಿಸುವ ಕುರ್ಚಿ. ಅದಕ್ಕಾಗಿ ಅವಳು ಹಿಂದೆ ಎರಡು ಸಲ ಕೇಳಿದ್ದಳು. ಎರಡು ಸಲವೂ ಯಜಮಾನರು ಬಹಳ ಪ್ರೀತಿಯಿಂದ ಒಂದೇ ಮಾತು ಹೇಳಿದ್ದರು:

"ನಿಮ್ಮನ್ನ ಮೇಲೆ ಕೂರಿಸಿಬಿಟ್ರೆ ಕೆಳಗೆ ನಟ್ಟು ಬಿಗಿಯೋರು ಯಾರಮ್ಮ?"

ಈಗ ಮೂರನೆಯ ಸಲ. ಪೈಪೋಟಿಗೆ ಇದ್ದವನು ಸ್ಲೈಡ್ ಸರದಾರ. ಮೆಷಿನ್ನಿನ ಮುಚ್ಚಳ ಯಾವ ಕಡೆಗೆ ತೆರೆಯುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಆದರೆ ಅದರ ಭವಿಷ್ಯದ ಬಗ್ಗೆ ಅರವತ್ತು ಸ್ಲೈಡ್ ಮಾಡಿದ್ದ. ಕುರ್ಚಿ ಅವನ ಪಾಲಾದರೆ ಮೆಷಿನ್ನು ಮಾತನ್ನೂ ಆಡಬೇಕಿತ್ತು, ಅದೇ ನಾಲ್ಕು ಕಾಲಿನ ಮೇಲೆ. ಅವಳು ನಿವೃತ್ತಿಯವರೆಗೂ ಸ್ಪ್ಯಾನರ್ ಹಿಡಿದು ಊರು ಸುತ್ತಬೇಕಿತ್ತು.

ಕುರ್ಚಿ ಯಾರಿಗೆಂದು ತೀರ್ಮಾನಿಸುವ ಸಭೆಯ ಹಿಂದಿನ ದಿನ ಸಂಜೆ ಅವಳ ಮನೆಯಲ್ಲಿ ಅಂಥದ್ದೇ ಮೆಷಿನ್ನಿಗೆ ಬಟ್ಟೆ ಹಾಕಿದ್ದರು. ಆ ಮನೆಯ ಪದ್ಧತಿಯಂತೆ, ನೀರು ಹಿಂಡುವ ಹೊತ್ತಿಗೆ ಅತ್ತೆ ಮೆಷಿನ್ನಿನ ಮೇಲೆ ಹತ್ತಿ ಕೂತಿದ್ದರು. ತೂಕದ ಹೆಂಗಸು. ಕೂತಲ್ಲೇ ಉಲ್ಲನ್ ಹೆಣೆಯುತ್ತಿದ್ದರು. ಅವರು ಹೆಣೆದ ಸ್ವೆಟರುಗಳಿಗೆಲ್ಲ ಒಂದು ತೋಳು ಸ್ವಲ್ಪ ಉದ್ದ ಇರುತ್ತಿದ್ದುದು ಇದೇ ಕಾರಣಕ್ಕೆ.

"ಈ-ಈ ಸಲನಾದ್ರೂ ಕೊ-ಕೊಡ್ತಾರೇನೇ?" ಎಂದರು ಅತ್ತೆ, ಕುಲುಕಾಡುತ್ತ.

"ಯಾರಿಗೆ ಗೊತ್ತು ಅತ್ತೆ. ನಟ್ಟು ಯಾರು ಬಿಗೀತಾರೆ ಅಂತ ಮತ್ತೆ ಅದೇ ರಾಗ ಎಳೀತಾರೆ."

"ನೀ-ನೀನು ಬಿಗಿದ್ರೆ ಅವ್ರಿಗೇನು ಕಷ್ಟ! ನಿ-ನಿನ್ನ ಗಂಡನ್ನೇ ನೋಡು. ನಾ-ನಾನು ಇದ್ರ ಮೇಲೆ ಕೂ-ಕೂತಿರೋವರೆಗೂ ಇದು ಚಿ-ಚಿನ್ನದಂಥ ಮೆಷಿನ್ನು ಅಂತಿರ್ತಾನೆ."

ಸ್ಪ್ಯಾನರ್ ಮೇಡಂ ಅತ್ತೆಯನ್ನು ನೋಡಿದಳು, ಅತ್ತೆಯ ಕೆಳಗಿದ್ದ ಮೆಷಿನ್ನನ್ನು ನೋಡಿದಳು.

"ಅತ್ತೆ, ಒಂದು ನಿಮಿಷ ಇಳೀರಿ."

"ಯಾಕೇ? ಬ-ಬೈದ್ನಾ ನಿನ್ನ?"

"ಇಲ್ಲ, ಸುಮ್ನೆ ಇಳೀರಿ."

ಅತ್ತೆ ಇಳಿದರು. ಮೆಷಿನ್ನು ಕಾಲಿಗೆ ಬುದ್ಧಿ ಹೇಳಿತು. ಬಚ್ಚಲ ಹೊಸ್ತಿಲು ದಾಟಿ ಹಜಾರಕ್ಕೆ ಬಂದು, ಮಾವನವರ ಕುರ್ಚಿಯ ಮುಂದೆ ಹಾದುಹೋಯಿತು. ಮಾವ ಹಿಡಿದಿದ್ದ ಪೇಪರು ಇಳಿಸದೆ ಎರಡೂ ಕಾಲು ಮೇಲೆತ್ತಿದರು. ಅದು ದಾಟಿದ ಮೇಲೆ ಕಾಲು ಕೆಳಗಿಟ್ಟು ಪುಟ ತಿರುವಿದರು.

ಮರುದಿನ ಅವಳು ಸಭೆಯ ಕೋಣೆಗೆ ಎಲ್ಲರಿಗಿಂತ ಮುಂಚೆ ಹೋದಳು. ಹೊಸದೇನಲ್ಲ. ಸಭೆ ನಡೆಯುವಾಗ ಮೂಲೆಯಲ್ಲಿ ಒಂದು ಮೆಷಿನ್ನು ಓಡುತ್ತಿರಬೇಕು, ಕೊನೆಗೆ ಅದರ ಹಾಡು ಕೇಳಬೇಕು ಎಂಬುದು ಯಜಮಾನರ ಕಟ್ಟಪ್ಪಣೆ. ಪ್ರತಿ ಸಲವೂ ಅವಳು ಮೊದಲೇ ಬಂದು ನಟ್ಟು ಬಿಗಿಯುತ್ತಿದ್ದಳು. ಅವತ್ತು ಬಗ್ಗಿ ಬೆರಳಿನಿಂದ ಮುಟ್ಟಿ ನೋಡಿದಳು. ಸಡಿಲವಾಗಿತ್ತು. ಸ್ಪ್ಯಾನರನ್ನು ಚೀಲದಲ್ಲೇ ಬಿಟ್ಟು ಎದ್ದು ಹೋಗಿ ಕುರ್ಚಿಯಲ್ಲಿ ಕುಳಿತಳು. ಕೈ ತುರಿಸಿತು. ಕೈ ಕಟ್ಟಿಕೊಂಡಳು.

ಸ್ಲೈಡ್ ಸರದಾರ ಮೊದಲು ಎದ್ದ. "ಮುಂದಿನ ಐದು ವರ್ಷದಲ್ಲಿ, ಸಾರ್, ನಮ್ಮ ಮೆಷಿನ್ನು ಗ್ರಾಹಕರ ಹತ್ತಿರ ಹೋಗುತ್ತೆ," ಎಂದ.

ಅದು ಹೊರಟಿತು.

ಮೊದಲು ಗೋಡೆ ಬಿಟ್ಟಿತು. ಆಮೇಲೆ ಲೆಕ್ಕಪತ್ರದ ಮುಖ್ಯಸ್ಥರ ಕುರ್ಚಿಗೆ ಒರಗಿತು. ಅವರು ಅಭ್ಯಾಸಬಲದಿಂದ "ಸಾರಿ" ಎಂದು ಜಾಗ ಬಿಟ್ಟರು. ಸರದಾರ ತಿರುಗಿ ನೋಡಿದವನೇ ಕುರ್ಚಿ ಹತ್ತಿ ನಿಂತ.

"ಮೇಡಂ! ಸ್ಪ್ಯಾನರ್! ಸ್ಪ್ಯಾನರ್ ತಗೊಳ್ಳಿ!"

ಎಲ್ಲರೂ ಅವಳನ್ನು ನೋಡಿದರು. ಎದ್ದರೆ ಮೆಷಿನ್ನು ನಿಲ್ಲುತ್ತದೆ, ತಾನೂ ಇದ್ದಲ್ಲೇ ನಿಲ್ಲುತ್ತೇನೆ ಎಂಬುದು ಅವಳಿಗೆ ಗೊತ್ತಿತ್ತು. ಕೂತೇ ಕೇಳಿದಳು:

"ಈಗ ನನ್ನ ಸರದಿನಾ ಸಾರ್?"

"ಏನಮ್ಮ ಇದು! ನಿಲ್ಲಿಸಿ ಮೊದ್ಲು ಅದನ್ನ!" ಎಂದರು ಯಜಮಾನರು.

"ನಿಲ್ಲಿಸಬಹುದು ಸಾರ್. ಇಷ್ಟು ವರ್ಷ ನಿಲ್ಲಿಸ್ತಾನೇ ಬಂದೆ. ಅದಕ್ಕೇ ಇದು ನಡೆಯೋದನ್ನ ನೀವು ಒಂದು ಸಲಾನೂ ನೋಡಿಲ್ಲ. ಇವತ್ತು ನೋಡಿ."

ನೋಡದೆ ವಿಧಿಯಿರಲಿಲ್ಲ. ಅದು ಮೇಜನ್ನು ಸುತ್ತಿಕೊಂಡು ಯಜಮಾನರ ಕಡೆಗೇ ಬರುತ್ತಿತ್ತು. ಅವಳು ಕೈ ಕಟ್ಟಿಕೊಂಡೇ ಮಾತು ಮುಂದುವರಿಸಿದಳು.

"ಒಂದು ವರ್ಷ ಹೊಸದೇನೂ ಬೇಡ ಸಾರ್. ಮಾತಾಡೋದು ಬೇಡ. ದೀಪ ತೆಗೀಬೇಕು, ಹಬೆ ತೆಗೀಬೇಕು, ಹಾಡು ತೆಗೀಬೇಕು. ಆ ದುಡ್ಡಲ್ಲಿ ಕೆಳಗಿನ ಚೌಕಟ್ಟು, ಕಾಲು ಎಲ್ಲಾ ಹೊಸದಾಗಿ ಮಾಡಬೇಕು."

"ಹಾಡು ನಂದಮ್ಮ."

"ಗೊತ್ತು ಸಾರ್."

ವೈರು ಬಿಗಿಯಾಯಿತು. ಪ್ಲಗ್ಗು ಕಿತ್ತುಬಂತು. ಮೆಷಿನ್ನು ಯಜಮಾನರ ಮೊಣಕಾಲಿಗೆ ಮೆತ್ತಗೆ ತಾಗಿ ನಿಂತಿತು. ಪ್ಲಗ್ಗು ಕಿತ್ತ ಮೇಲೂ ಅದು ಹಾಡನ್ನು ಪೂರ್ತಿ ಹಾಡಿತು ಎಂದು ಅಲ್ಲಿದ್ದವರು ಇವತ್ತಿಗೂ ಆಣೆ ಇಟ್ಟು ಹೇಳುತ್ತಾರೆ. ಯಜಮಾನರು ಕೊನೆಯವರೆಗೂ ಕೇಳಿದರು. ಹಾಡು ಇಷ್ಟು ಉದ್ದ ಇದೆಯೆಂದು ಅವರಿಗೆ ಅವತ್ತೇ ಗೊತ್ತಾದದ್ದು.

"ಅಲ್ಲಮ್ಮ," ಎಂದರು ಕೊನೆಗೆ, ದನಿ ತಗ್ಗಿಸಿ, "ನಿಮ್ಮನ್ನ ಮೇಲೆ ಕೂರಿಸಿದ್ರೆ ನಟ್ಟು..."

"ಯಾರೂ ಬಿಗೀಬಾರದು ಸಾರ್. ಬಿಗಿಯೋ ಹಾಗೇ ಇರಬಾರದು."

ಯಜಮಾನರು ಮೆಷಿನ್ನನ್ನು ಕೈಯಿಂದ ಸ್ವಲ್ಪ ಹಿಂದಕ್ಕೆ ತಳ್ಳಿ ನೋಡಿದರು. ಜಗ್ಗಲಿಲ್ಲ. ಕುರ್ಚಿಯ ಮೇಲೆ ಇನ್ನೂ ನಿಂತಿದ್ದ ಸರದಾರನನ್ನು ನೋಡಿದರು. ಆಮೇಲೆ, ಬೇರೆ ದಾರಿ ಕಾಣದವರಂತೆ, ಹೂಂ ಎಂದರು.

ಸಂಜೆ ಮನೆಗೆ ಬಂದು ಸುದ್ದಿ ಹೇಳಿದಾಗ ಅತ್ತೆ ಉಲ್ಲನ್ ಉಂಡೆ ಬದಿಗಿಟ್ಟರು.

"ಸದ್ಯ! ಅಲ್ಲಿ ಏನು ಕೆಲಸವೇ ನಿಂಗೆ?"

"ಏನೂ ಮಾಡದೆ ಕೂರೋದು ಅತ್ತೆ. ಅದೇ ಕಷ್ಟದ್ದು."

"ಅಯ್ಯೋ, ನಿಮ್ಮ ಮಾವ ಮದುವೆ ಆದಾಗಿಂದ ಅದನ್ನೇ ಮಾಡ್ತಾ ಇದ್ದಾರೆ. ಇವರನ್ನ ಯಾರೂ ಕರೆದು ಕುರ್ಚಿ ಕೊಡ್ಲಿಲ್ಲವಲ್ಲ!"

"ಇದೆಯಲ್ಲ, ಇದೇ ಕುರ್ಚಿ," ಎಂದರು ಮಾವ, ಪೇಪರಿನ ಹಿಂದಿನಿಂದ.

ಬಚ್ಚಲಿನಲ್ಲಿ ಗಡಗಡ ಶುರುವಾಯಿತು. ಅತ್ತೆ ಅಭ್ಯಾಸದಂತೆ ಎದ್ದರು. ಸೊಸೆ ಅವರ ಸೆರಗು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಅವಳ ಕೈಯೂ ತಾನಾಗಿ ಚೀಲದ ಕಡೆಗೆ ಹೋಗಿತ್ತು. ಅದನ್ನೂ ಹಿಂದಕ್ಕೆ ತಂದುಕೊಂಡಳು. ಸ್ನೇಹಿತನ ಜೊತೆ ಫೋನಿನಲ್ಲಿ ಮಾತಾಡುತ್ತ ಹಜಾರಕ್ಕೆ ಬಂದ ಗಂಡ, ಎದುರಿಗೆ ಬರುತ್ತಿದ್ದುದನ್ನು ನೋಡಿ ಮಾತು ನಿಲ್ಲಿಸಿದ.

"ಅಮ್ಮಾ! ಇದು ನಡೀತಾ ಇದೆ!"

"ಹೌದಪ್ಪ," ಎಂದರು ಅತ್ತೆ.

ಮಾವ ಪೇಪರು ಇಳಿಸದೆ ಕಾಲೆತ್ತಿದರು. ಈ ಸಲ ಅವಳೂ ಎತ್ತಿದಳು.