ಸೂರಿನ ಕೆಳಗಿನ ಗೀರು

ಮಳೆ ಹಿಂದೆಗೆದು ಬಿಸಿಲು ಬಲಿಯುತ್ತಿದ್ದ ದಿನಗಳು. ಹೊಲದ ಕೆಸರು ಆರಿ ಕಾಲುದಾರಿಗಳು ಮತ್ತೆ ಕಣ್ಣಿಗೆ ಬೀಳತೊಡಗಿದ್ದವು. ಹಾಲಿನ ಡೈರಿಯ ಹಿಂಗೋಡೆ ಮಾತ್ರ ಇನ್ನೂ ಮಳೆಗಾಲ ಬಿಟ್ಟು ಹೊರಗೆ ಬಂದಿರಲಿಲ್ಲ. ಬುಡದಿಂದ ಕಿಟಕಿಯವರೆಗೆ ಹಸಿರು ಪಾಚಿ, ಕಿಟಕಿಯಿಂದ ಸೂರಿನವರೆಗೆ ಹಾಲಿನ ಲಾರಿಗಳು ಉಗುಳಿದ ಮಸಿ. ಬೆಳಗಿನ ಹಾಲು ಸಾಗಿಹೋಗಿ ಅಂಗಳ ಖಾಲಿಯಾಗಿತ್ತು. ಪೆಟ್ರೋಲಿನ ನೀರಿನ ಯಂತ್ರ ಒಂದೇ ಸಮನೆ ಗುಡುಗುಟ್ಟುತ್ತಿತ್ತು. ಸೊಸೆ ರಬ್ಬರ್ ಬೂಟು ಏರಿಸಿ, ಕಣ್ಣಿಗೆ ದಪ್ಪ ಕನ್ನಡಕ ಕಟ್ಟಿಕೊಂಡು, ಉದ್ದನೆಯ ಕೋಲಿನ ತುದಿಯಿಂದ ಗೋಡೆಗೆ ಸೋಪಿನ ನೀರು ಹಿಡಿಯುತ್ತಿದ್ದಳು. ಹಿಂದೆ ಮಾವ ನಿಂತು ಪೈಪು ಸಿಕ್ಕಾಗದಂತೆ ಬಿಡಿಸಿಕೊಡುತ್ತಿದ್ದರು.

"ನೆತ್ತಿಯಿಂದ ಹಿಡಿದರೆ ಬೇಗ ಇಳಿಯುತ್ತಲ್ಲಮ್ಮ," ಎಂದರು ಮಾವ. ಬೆಳಗಿನಿಂದ ಈ ಮಾತು ಎಷ್ಟನೆಯ ಸಲವೋ. "ಮರಕ್ಕೆ ಔಷಧಿ ಹೊಡೆಯುವಾಗ ನಾವು ಹಂಗೇ ಮಾಡೋದು."

"ಇದು ಮರ ಅಲ್ಲ ಮಾವ. ಒಣಗೋಡೆ ಮೇಲೆ ಸೋಪು ಹರಿದರೆ ಗೆರೆ ಕೂರುತ್ತೆ. ಆಮೇಲೆ ನಾವಿಬ್ಬರೂ ಕೂತು ಅತ್ತರೂ ಹೋಗಲ್ಲ. ಸೋಪು ಕೆಳಗಿಂದ ಮೇಲಕ್ಕೆ, ತೊಳೆಯೋದು ಮೇಲಿಂದ ಕೆಳಕ್ಕೆ."

"ಮೇಲೂ ನಿಂದೇ, ಕೆಳಗೂ ನಿಂದೇ. ನಾನು ಬಾಲ ಹಿಡಿಯೋನು."

"ಬಾಲ ಬಿಟ್ಟರೆ ಹಾವು ತಿರುಗಿಬೀಳುತ್ತೆ, ಗಟ್ಟಿಯಾಗಿ ಹಿಡ್ಕೊಳ್ಳಿ!"

ಮಾವ ನಕ್ಕರು. ಆಯುಷ್ಯದ ಮುಕ್ಕಾಲು ಭಾಗವನ್ನು ಹಣ್ಣಿನ ತೋಟಗಳಲ್ಲಿ ಔಷಧಿ ಹೊಡೆಯುತ್ತ ಕಳೆದವರು ಅವರು. ನೆಲದ ಮೇಲೆ ನಿಂತದ್ದಕ್ಕಿಂತ ಏಣಿಯ ಮೇಲೆ ನಿಂತದ್ದೇ ಹೆಚ್ಚು ಎಂದು ಅತ್ತೆ ಹಂಗಿಸುತ್ತಿದ್ದಳು. ಸೊಸೆ ಲಾರಿ ತೊಳೆಯುವ ಕಡೆ ದುಡಿದು ಈ ವಿದ್ಯೆ ಕಲಿತು, ಸ್ವಂತ ಯಂತ್ರ ತಂದಾಗ, "ನೀರು ಹೊಡೆಯೋದು ನಮ್ಮ ಮನೆತನದ ಕಸುಬು" ಎಂದು ಎದೆಯುಬ್ಬಿಸಿ ಜೊತೆಗೆ ಹೊರಟವರೂ ಅವರೇ. ಊರು ಅವಳಿಗೆ ಪಿಚಕಾರಿ ಅಕ್ಕ ಎಂದು ಹೆಸರಿಟ್ಟಿತ್ತು. ಮಾವನಿಗೆ ಪಿಚಕಾರಿ ಅಕ್ಕನ ಮಾವ ಎಂದು. ಎರಡನೆಯದು ಅವರಿಗೆ ಅಷ್ಟಾಗಿ ಹಿಡಿಸಿರಲಿಲ್ಲ.

ಈ ಕೆಲಸ ಸಿಕ್ಕಿದ್ದು ಒಂದು ಷರತ್ತಿನ ಮೇಲೆ. ಹಿಂದೆ ಯಾರೋ ಒಬ್ಬ ಇದೇ ಗೋಡೆ ತೊಳೆಯಲು ಬಂದು, ಏಣಿ ಹತ್ತಿ ಕೋಲಿನ ಗುಂಡಿ ಒತ್ತಿದ್ದ. ನೀರು ಗೋಡೆಗೆ ಹೊಡೆದಷ್ಟೇ ಜೋರಾಗಿ ಅವನನ್ನೂ ಹಿಂದಕ್ಕೆ ಒದ್ದಿತ್ತು. ಸೊಂಟ ಮುರಿದುಕೊಂಡವನು ಇವತ್ತಿಗೂ ಕೋಲೂರಿಕೊಂಡು ಓಡಾಡುತ್ತಾನೆ. ಅದಕ್ಕೇ ಡೈರಿಯ ಕಾರ್ಯದರ್ಶಿ ಮೊದಲೇ ಹೇಳಿದ್ದರು: "ಏಣಿ ಮೇಲೆ ಒಂದು ಕಾಲು ಕಂಡರೂ ಕೆಲಸ ಅಲ್ಲಿಗೇ ನಿಂತಿತು. ನೆಟ್ಟಗೆ ಮುಗಿಸಿದರೆ ಮುಂದಿನ ಗೋಡೆ, ಗೋದಾಮು, ಎಲ್ಲಾ ನಿನಗೇ." ಸೊಸೆ ಒಪ್ಪಿಕೊಂಡಿದ್ದಳು. ಬೆಳಿಗ್ಗೆ ಬಂದವಳೇ ಕರೆಂಟು ತೆಗೆಸಿ, ಮೀಟರಿನ ಪೆಟ್ಟಿಗೆಗೆ ಪ್ಲಾಸ್ಟಿಕ್ ಸುತ್ತಿ, ಕಿಟಕಿಗಳನ್ನೆಲ್ಲ ಹಾಕಿಸಿದಳು. ಮೂಲೆಯಲ್ಲಿ ಅಂಗೈ ಅಗಲ ಜಾಗಕ್ಕೆ ನೀರು ಹಿಡಿದು, ಹಳೆಯ ಗಾರೆ ಉದುರುತ್ತದೆಯೋ ಎಂದು ನೋಡಿದಳು. ಕೋಲಿನ ಮೂತಿಗೆ ಒಂದು ಬಳೆಯಿತ್ತು. ಅದನ್ನು ಒಂದು ಕಡೆ ತಿರುಗಿಸಿದರೆ ನೀರು ಬೀಸಣಿಗೆಯಂತೆ ಹರಡುತ್ತಿತ್ತು, ಇನ್ನೊಂದು ಕಡೆ ತಿರುಗಿಸಿದರೆ ಸೂಜಿಯಂತೆ ನೆಟ್ಟಗೆ ಚಿಮ್ಮುತ್ತಿತ್ತು. ಈ ಗೋಡೆಗೆ ಬೀಸಣಿಗೆಯೇ ಸರಿ, ಅದೂ ಒಂದು ತೋಳು ದೂರದಿಂದ.

ಗೇಟಿನ ಕಡೆ ನೆಲ ತಗ್ಗಾಗಿತ್ತು. ಅಲ್ಲಿಗೆ ಬಂದಾಗ ಸೂರಿನ ಕೆಳಗಿನ ಪಟ್ಟಿಗೆ ಕೋಲು ಗೇಣುದ್ದ ಎಟುಕದೆ ಹೋಯಿತು. ಏನು ಮಾಡುವುದೆಂದು ಅವಳು ಯೋಚಿಸುತ್ತಿರುವಾಗಲೇ ಒಳಗಿನಿಂದ ಹಾಲು ಪರೀಕ್ಷೆ ಮಾಡುವ ಹುಡುಗಿಯ ಕೂಗು: "ಅಕ್ಕಾ, ನನ್ನ ಮೇಜು ಕೆರೆ ಆಗ್ತಿದೆ! ಕಿಟಕಿ ಸಂದೀಲಿ ನೀರು!"

ಸೊಸೆ ಗುಂಡಿಗೆ ಚಿಲಕ ಹಾಕಿ, ಕೋಲನ್ನು ನೆಲಕ್ಕಿಟ್ಟು ಒಳಗೆ ಓಡಿದಳು. ಯಂತ್ರ ನಿಲ್ಲಿಸಲಿಲ್ಲ. ಎರಡು ನಿಮಿಷದ ಕೆಲಸ ತಾನೇ ಎಂದುಕೊಂಡಳು.

ಕಿಟಕಿಯ ಸಂದಿಗೆ ಬಟ್ಟೆ ತುರುಕುತ್ತಿದ್ದಾಗ ಹೊರಗಿನ ಸದ್ದು ಬದಲಾಯಿತು. ಅಗಲವಾಗಿ ಸುರಿಯುತ್ತಿದ್ದ ನೀರಿನ ಸದ್ದಲ್ಲ ಅದು, ಸೀಳುದನಿ. ಬಟ್ಟೆಯನ್ನು ಅಲ್ಲೇ ಬಿಟ್ಟಳು. ಸೂಜಿ!

ಹೊರಗೆ ಬಂದು ನೋಡಿದರೆ ಡೈರಿಯ ಏಣಿ ಗೋಡೆಗೆ ಒರಗಿತ್ತು. ಅದರ ಮೇಲೆ ಮಾವ, ಒಂದು ಕೈಯಲ್ಲಿ ಏಣಿ, ಕಂಕುಳಲ್ಲಿ ಉದ್ದನೆಯ ಕೋಲು. ಎತ್ತರದ ಕೊಂಬೆ ಎಟುಕದಿದ್ದಾಗ ಮೂತಿ ತಿರುಗಿಸುವ ತೋಟದ ಅಭ್ಯಾಸ ಕೈಯಲ್ಲೇ ಇತ್ತು. ಸೂರಿನ ಕೆಳಗೆ ಗಾರೆ ಚೂರುಚೂರಾಗಿ ಹಾರುತ್ತಿತ್ತು. ಏಣಿಯ ಕಾಲು ಸೋಪಿನ ಕೆಸರಿನಲ್ಲಿ ಮೆಲ್ಲಗೆ ಜಾರುತ್ತಿತ್ತು.

ಕೂಗಬೇಕೆನಿಸಿತು. ಕೂಗಿದರೆ ಮಾವ ತಿರುಗುತ್ತಾರೆ, ಅವರ ಜೊತೆ ಸೂಜಿಯೂ ತಿರುಗುತ್ತದೆ. ಅವಳು ನಡೆದೇ ಹೋಗಿ ಏಣಿಗೆ ಭುಜ ಕೊಟ್ಟು ನಿಂತಳು.

"ಮಾವ, ಗೋಡೆ ನೋಡ್ಕೊಂಡೇ ಇರಿ. ತಿರುಗಬೇಡಿ. ಬೆರಳು ಬಿಡಿ."

ನೀರು ನಿಂತಿತು.

"ಚಿಲಕ ಹಾಕಿ. ಹಾಂ." ಬಾಗಿಲಲ್ಲಿ ನಿಂತು ಬಾಯಿ ತೆರೆದಿದ್ದ ಹುಡುಗಿಗೆ, "ಯಂತ್ರದ ಕೆಂಪು ಗುಂಡಿ ಒತ್ತಮ್ಮ," ಎಂದಳು. ಗುಡುಗು ಅಡಗಿತು. "ಈಗ ಕೋಲನ್ನ ನಿಧಾನಕ್ಕೆ ನನ್ನ ಕೈಗೆ ಇಳಿಸಿ. ಆಮೇಲೆ ನೀವು."

ಕೋಲು ಕೈಗೆ ಬಂದೊಡನೆ ಅದನ್ನು ಮಣ್ಣಿನತ್ತ ಹಿಡಿದು, ಚಿಲಕ ತೆಗೆದು ಗುಂಡಿ ಒತ್ತಿದಳು. ಯಂತ್ರ ಸತ್ತರೂ ಪೈಪಿನಲ್ಲಿ ಜೀವವಿರುತ್ತದೆ. ಬುಸ್ಸೆಂದು ಕೊನೆಯ ನೀರು ನೆಲ ಕೆದಕಿ ತಣ್ಣಗಾಯಿತು.

ಮಾವ ಇಳಿದು ಬಂದರು. ಮುಖ ಗಂಟಿಕ್ಕಿತ್ತು. "ನಾಲ್ಕು ಮೆಟ್ಟಿಲಿಗೆ ಇಷ್ಟು ರಂಪ."

"ಆ ನಾಲ್ಕು ಮೆಟ್ಟಿಲಿಂದ ಬಿದ್ದಿದ್ದರೆ ಅತ್ತೆಗೆ ಏನಂತ ಹೇಳಲಿ? ಹೊತ್ತುಕೊಂಡು ಹೋಗಿ ಅವರ ಮುಂದೆ ಮಲಗಿಸಲಾ?"

"ನಾನು ಏಣಿ ಹತ್ತುವಾಗ ನೀನಿನ್ನೂ ತೊಟ್ಟಿಲು ಇಳಿದಿರಲಿಲ್ಲ."

"ಅದಕ್ಕೇ ಹೇಳಿದ್ದು. ನಿಮಗೆ ವಯಸ್ಸಾಯ್ತು."

ಮಾತು ನಾಟಿತು. ಅವಳು ಸೂರಿನತ್ತ ತೋರಿಸಿದಳು. ಮೊಳದುದ್ದ ಗೀರು, ಬೆರಳು ಹೋಗುವಷ್ಟು ಆಳ.

ಮಾವ ದನಿ ತಗ್ಗಿಸಿದರು. "ಕಾರ್ಯದರ್ಶಿ ನೋಡಿಲ್ಲವಲ್ಲ. ಮಳೆಗೆ ಬಿದ್ದಿದ್ದು ಅಂದರಾಯ್ತು."

"ಮಳೆ ಸೂರಿನ ಕೆಳಗೆ ನುಗ್ಗಿ, ಅಳತೆಗೋಲು ಇಟ್ಟು ಗೆರೆ ಎಳೆಯುತ್ತಾ ಮಾವ?" ಎಂದು ಅವಳು ನೇರ ಕಾರ್ಯದರ್ಶಿಯ ಕೋಣೆಗೆ ನಡೆದಳು.

ಕಾರ್ಯದರ್ಶಿ ಬಂದು, ಗೀರು ನೋಡಿ, ಏಣಿ ನೋಡಿ, ಮಾವನನ್ನು ನೋಡಿದರು. "ಮಾತು ಏನಾಗಿತ್ತು?"

"ಏಣಿ ಹತ್ತಿದರೆ ಕೆಲಸ ನಿಲ್ಲುತ್ತೆ ಅಂತ. ನಿಂತಿದೆ ಸಾರ್, ನಾನೇ ನಿಲ್ಲಿಸಿದೆ. ಯಂತ್ರ ಬಂದ್ ಮಾಡದೆ ಒಳಗೆ ಹೋಗಿದ್ದು ನನ್ನ ತಪ್ಪು. ಗೀರಿನ ಸಾಲ ನಮ್ಮ ಮೇಲಿರಲಿ, ಮುಚ್ಚಿಕೊಡ್ತೀವಿ. ಈಗ ಹೇಳಿ, ಪೈಪು ಸುತ್ತಲಾ, ಗೋಡೆ ಮುಗಿಸಲಾ?"

ಕಾರ್ಯದರ್ಶಿ ಗಲ್ಲ ಕೆರೆದುಕೊಂಡರು. "ನಿಲ್ಲಿಸೋದು ನನ್ನ ಕೆಲಸ ಅಂದುಕೊಂಡಿದ್ದೆ. ಅದನ್ನೂ ನೀನೇ ಮಾಡಿದೀಯ. ಮುಗಿಸು. ಗೀರು ಮುಚ್ಚೋವರೆಗೂ ಮುಂದಿನ ಗೋಡೆ ಮಾತು ಮಾತ್ರ ಎತ್ತಬೇಡ. ಏಣಿ ನನ್ನ ಹತ್ತಿರ ಇರುತ್ತೆ." ಅವರೇ ಏಣಿ ಹೊತ್ತು ಹೊರಟರು. ಅದು ಬಾಗಿಲಲ್ಲಿ ಅಡ್ಡ ಸಿಕ್ಕಿಕೊಂಡು, ಒಳಗಿನಿಂದ ಹುಡುಗಿ ಎಳೆದು, ಹೊರಗಿನಿಂದ ಅವರು ತಳ್ಳಿ, ಅಂತೂ ಒಳಗೆ ಹೋಯಿತು.

"ಮನೇಲಿ ಕೋಲಿನ ಇನ್ನೊಂದು ತುಂಡು ಇದೆ," ಎಂದಳು ಸೊಸೆ, ಮಾವನ ಮುಖ ನೋಡದೆ. "ಸಿಕ್ಕಿಸಿದರೆ ನೆಲದಿಂದಲೇ ಎಟುಕುತ್ತೆ. ತರ್ತೀರಾ?"

ಮಾವ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ನಡೆದುಬಿಟ್ಟರು. ಅವರ ಬೆನ್ನನ್ನೇ ನೋಡಿದಳು. ತರುವವರ ನಡಿಗೆಯೋ, ಬಿಟ್ಟು ಹೋಗುವವರ ನಡಿಗೆಯೋ ತಿಳಿಯಲಿಲ್ಲ. ಒಬ್ಬಳೇ ಕೋಲೂ ಪೈಪೂ ಸಂಭಾಳಿಸುವುದು ಸುಲಭವಲ್ಲ. ಆದರೂ ವಯಸ್ಸಾಯ್ತು ಎಂದು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಅವಳಿಗೆ ಅನಿಸಲಿಲ್ಲ. ಎಟುಕಿದಷ್ಟು ಗೋಡೆಯನ್ನು ಮೇಲಿಂದ ಕೆಳಕ್ಕೆ ತೊಳೆಯುತ್ತ ಬಂದಳು. ಪಾಚಿ ಹಸಿರು ಗಂಜಿಯಾಗಿ ಕಾಲಬಳಿ ಹರಿಯಿತು.

ಬಿಸಿಲು ಗೇಟಿಗೆ ತಿರುಗುವ ಹೊತ್ತಿಗೆ ಹಿಂದೆ ಪೈಪು ಹಗುರಾಯಿತು. ತಿರುಗಿದಳು. ಮಾವ ಪೈಪು ಎತ್ತಿ ಹಿಡಿದಿದ್ದರು. ನೆಲದ ಮೇಲೆ ಕೋಲಿನ ತುಂಡು.

"ನಿಮ್ಮತ್ತೆ ಊಟ ಹಾಕಿ ಬೈದಳು," ಎಂದರು. "ಊಟ ಸ್ವಲ್ಪ, ಬೈಗುಳ ಹೊಟ್ಟೆತುಂಬಾ."

ಅವಳು ಯಂತ್ರ ನಿಲ್ಲಿಸಿ, ಪೈಪಿನ ನೀರು ಬಿಟ್ಟು, ತುಂಡು ಸಿಕ್ಕಿಸಿದಳು. ಸೂರಿನ ಕೆಳಗಿನ ಮಸಿ ಇಳಿದುಬಂತು. ಸಂಜೆಯ ಹಾಲು ತಂದವರು ಗೋಡೆ ಬದಲಾಯಿಸಿದರೋ ಎಂದು ಕೇಳಿದರು.

ಗೋಡೆ ಒಣಗಿದ ಮೇಲೆ, ಡೈರಿಯವರು ಸುಣ್ಣಬಣ್ಣಕ್ಕೆ ಕರೆಸಿದ್ದ ಬಣ್ಣದವನು ಬಂದು ಅಟ್ಟಣಿಗೆ ಕಟ್ಟಿದ. ಗೀರನ್ನು ತಾನೇ ಮುಚ್ಚುತ್ತೇನೆಂದ. "ನನ್ನ ಗೀರು, ನನ್ನ ಕೈ," ಎಂದು ಮಾವ ಗಾರೆಯ ಬಟ್ಟಲು ಹಿಡಿದು ಅಟ್ಟಣಿಗೆಯ ಬುಡಕ್ಕೆ ಬಂದರು. ಒಂದು ಕಾಲು ಎತ್ತಿದವರು, ಮತ್ತೆ ಇಳಿಸಿದರು.

"ಹತ್ತಲೇನಮ್ಮ?"

ಬಣ್ಣದವನು ಕಿಸಕ್ಕೆಂದ. ಸೊಸೆ ನಗಲಿಲ್ಲ. ಒಂದೊಂದೇ ಗಂಟು ಎಳೆದು ನೋಡಿದಳು, ಹಲಗೆಗಳನ್ನು ತುಳಿದು ನೋಡಿದಳು, ಅಡ್ಡಗಂಬಿಯನ್ನು ಅಲುಗಿಸಿದಳು.

"ಹತ್ತಿ ಮಾವ."

ಮಾವ ಮೇಲೆ ಹೋಗಿ, ಗೀರಿಗೆ ನೀರು ಚಿಮುಕಿಸಿ, ಗಾರೆ ತುಂಬಿ, ಕರಣೆಯಿಂದ ನಯ ಮಾಡಿದರು. ಅಷ್ಟು ಹೊತ್ತಿಗೆ ಕಾರ್ಯದರ್ಶಿ ಬಂದು ಕತ್ತು ಮೇಲೆತ್ತಿ ನಿಂತಿದ್ದರು.

"ಮುಂದಿನ ಗೋಡೆ ಯಾವಾಗ ಶುರು?" ಎಂದು ಕೇಳಿದರು.

"ಅವಳನ್ನ ಕೇಳಿ," ಎಂದರು ಮಾವ ಮೇಲಿನಿಂದ.